ಹೆಗಲೇರಿ ನಡೆದ ಶ್ರುತಿ

ಪೋರ್ಚುಗಲ್ಲಿನ ಮದೀರಾ ದ್ವೀಪದ ವಲಸೆಗಾರರು 1879ರಲ್ಲಿ ಹವಾಯಿಗೆ ಒಯ್ದ ಪುಟ್ಟ ತಂತಿವಾದ್ಯವೇ ಮುಂದೆ ಯುಕುಲೇಲೆಯಾಯಿತು. ಪ್ರಯಾಣಕ್ಕೆ ಹಗುರ, ಬೆಲೆಯೂ ಕೈಗೆಟಕುವಂಥದು ಎಂಬುದೇ ಅದರ ಹೆಚ್ಚುಗಾರಿಕೆ. ರಾಯಬಾಗ ಸೀಮೆಯ ಪಾಲಬಾವಿಯಂಥ ಊರಿನವರು ಈ ಎರಡೂ ಗುಣಗಳ ವಾದ್ಯಕ್ಕಾಗಿ ಕಡಲು ದಾಟಬೇಕಿಲ್ಲ.

ಬೆಳಗಾವಿಯ ರೈಲು ರಾಯಬಾಗ ದಾಟಿ ಮುಟ್ಟುವ ಮಿರಜ, ತಂಬೂರಿಗೆ ಹೆಸರಾದ ಊರು. ಅಲ್ಲಿಯ ತಂಬೂರಿ, ಸಿತಾರಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಆದರೆ ಆಳೆತ್ತರದ ಆ ವಾದ್ಯ ಬೈಠಕ್ಕಿಗೇ ಸರಿ. ಬುರುಡೆ ಒಡೆದೀತೆಂಬ ಅಂಜಿಕೆ ಬೇರೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವವರಿಗೆ ಅದೆಲ್ಲಿ ಒಗ್ಗೀತು? ತತ್ವಪದಕಾರರು ಏಕತಾರಿ ಹಿಡಿದರು, ಜೋಗತಿಯರು ಚೌಡಿಕೆ ಹಿಡಿದರು.

ಚೌಡಿಕೆ ಎಂದರೆ ಕೊಳಗದಂಥ ಟೊಳ್ಳು ಮರ, ತಳಕ್ಕೆ ಚರ್ಮ. ಚರ್ಮದ ನಡುವಿನಿಂದ ಹೊರಟ ಒಂದೇ ತಂತಿ ಪಕ್ಕದ ಕೋಲಿನ ತುದಿಯ ಬಿರಡೆಗೆ ಸುತ್ತಿಕೊಳ್ಳುತ್ತದೆ. ಕಂಕುಳಲ್ಲಿ ಅವುಚಿ ಸಣ್ಣ ಕಡ್ಡಿಯಿಂದ ಮೀಟಿದರೆ ಶ್ರುತಿಯೂ ತಾಳವೂ ಒಟ್ಟಿಗೇ ಹೊರಡುತ್ತವೆ. ಸ್ವರದ ಮನೆಗಳಿಲ್ಲ, ಬೆರಳ ಕಸರತ್ತಿಲ್ಲ, ಹಾಡೆಲ್ಲ ಕಂಠದ್ದು. ಚರ್ಮ ಹರಿದರೆ, ಹಲಗೆಗೆ ಚರ್ಮ ಬಿಗಿಯುವ ಕೈಗಳೇ ಇದಕ್ಕೂ ಸಾಕು.

ಈ ಅಗ್ಗದ ಹಿಂದೆ ನೋವೂ ಇದೆ. ಅದನ್ನು ಹೊತ್ತವರಲ್ಲಿ ಬಹಳಷ್ಟು ಮಂದಿ ದೇವರಿಗೆ ಬಿಟ್ಟ ಬಡ ಹೆಣ್ಣುಮಕ್ಕಳು. ಹಾಗೆ ಮುತ್ತು ಕಟ್ಟುವುದನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು, ಅದು ಆಗಲೇಬೇಕಿತ್ತು. ಚೌಡಿಕೆ ಪದಗಳು ಈಗ ಜಾನಪದ ವೇದಿಕೆಗಳಲ್ಲೂ ಕೇಳಿಬರುತ್ತವೆ. ಅಲ್ಲಿ ಅದನ್ನು ಹಿಡಿಯಲು ಕೊರಳಲ್ಲಿ ಮುತ್ತಿರಬೇಕೆಂಬ ಕಟ್ಟಿಲ್ಲ.