ಅಡಿಗೆಮನೆಯ ಜೀರ್ಣೋದ್ಧಾರ

ಸೌದೆ ಉರಿಸುವ ಮನೆಯಲ್ಲಿ ಅಲ್ಪವ್ಯಯದಿಂದ ಅಡಿಗೆಮನೆಯ ಜೀರ್ಣೋದ್ಧಾರ ಮಾಡಬೇಕೆನ್ನುವ ಗೃಹಸ್ಥನು, ಹೊಗೆ ಹೊರಹೋಗುವ ದಾರಿಗೆಂದೇ ಮೊದಲ ಹಣವನ್ನು ತೆಗೆದಿರಿಸತಕ್ಕದ್ದು.

ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮಹಾನಸವನ್ನು ಆಗ್ನೇಯ ಮೂಲೆಗೆ ವಿಧಿಸಿದನು. ದಿಕ್ಕನ್ನು ನಮ್ಮ ಹಿರಿಯರು ಶ್ರದ್ಧೆಯಿಂದ ಪಾಲಿಸಿದರು. ಹೊಗೆಗೆ ಮಾತ್ರ ಮಾಡಿನ ಬೆಳಕಿಂಡಿಯೊಂದೇ ಗತಿಯಾಯಿತು. ಅದೂ ಇಲ್ಲದ ಮನೆಗಳಲ್ಲಿ ಗೃಹಿಣಿಯರು ಕಣ್ಣೊರೆಸಿಕೊಳ್ಳುತ್ತ, ಕೆಮ್ಮುತ್ತ ಆಯುಷ್ಯವನ್ನು ಸವೆಸಿದರು. ಗಂಡಸರು ಜಗುಲಿಯಲ್ಲಿ ಕುಳಿತು ಅದನ್ನು ಹಸಿ ಸೌದೆಯ ದೋಷವೆಂದರು!

ಈ ಸಂಕಟಕ್ಕೆ ಬಡವರ ಕೈಗೆಟಕುವ ಉಪಾಯವನ್ನು ಹೈದರಾಬಾದಿನ ಇಂಜಿನಿಯರ್ ಎಸ್. ಪಿ. ರಾಜು ಅವರು 1953ರಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದರು: ಮಣ್ಣಿನ ಒಲೆ, ಒಂದೇ ಬೆಂಕಿಗೆ ಹಲವು ಪಾತ್ರೆಗಳು, ತುದಿಯಲ್ಲಿ ಹೊಗೆಕೊಳವೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಮುಂದೆ ಇದೇ ಜಾತಿಯ, ಮೂರು ಪಾತ್ರೆಗಳ ‘ಅಸ್ತ್ರ ಒಲೆ’ಯನ್ನು ರೂಪಿಸಿದರು. ಅದರಲ್ಲಿ ಸೌದೆಯು ಕಬ್ಬಿಣದ ಜಾಲರಿಯ ಮೇಲೆ ಉರಿಯುವುದು. ಕೆಳಗಿನಿಂದ ಗಾಳಿ ಸೇರಿ ಉರಿ ಚೊಕ್ಕಟವಾಗುವುದು. ಮೊದಲ ಪಾತ್ರೆಯನ್ನು ದಾಟಿ ವ್ಯರ್ಥವಾಗತಕ್ಕ ಬಿಸಿಯನ್ನು ಹಿಂದಿನ ಎರಡು ಪಾತ್ರೆಗಳು ಹೀರಿಕೊಳ್ಳುವುವು. ಮುಖ್ಯವಾಗಿ ಕೊಂಡು ತರಬೇಕಾದುವು ಜಾಲರಿ ಮತ್ತು ಕೊಳವೆ. ಉಳಿದುದು ಬಹುಮಟ್ಟಿಗೆ ಮಣ್ಣಿನ ಕೆಲಸ.

ಆದರೆ ಒಲೆಯ ಬಾಯಿಗೂ ಮನೆಯ ಪಾತ್ರೆಗೂ ಹೊಂದಿಕೆ ತಪ್ಪಿತೆಂದರೆ ಸಂದಿನಿಂದ ಹೊಗೆ ಒಳಕ್ಕೇ ಬರುವುದು. ಆದುದರಿಂದ ಒಲೆ ಕಟ್ಟುವವನು ಗೋಡೆಯನ್ನು ಅಳೆಯುವ ಮೊದಲು ಗೃಹಿಣಿಯ ಪಾತ್ರೆಗಳನ್ನು ಅಳೆಯತಕ್ಕದ್ದು. ಕೊಳವೆಯಲ್ಲಿ ಕಟ್ಟುವ ಮಸಿಯನ್ನು ಆಗಾಗ ತೆಗೆಯುವ ಕೆಲಸವನ್ನಾದರೂ ಗೃಹಸ್ಥನು ತಾನೇ ವಹಿಸಿಕೊಳ್ಳಲಿ.