13.62 ಸೆಕೆಂಡ್ ಯಾರದ್ದು? ಕಂಬಳದ ಕರೆಯಲ್ಲಿ ಎರಡು ಲೆಕ್ಕಗಳ ಕಥೆ

ಇವತ್ತಿನ ಮಾತು ಕಂಬಳದ ಬಗ್ಗೆ. ಕಂಬಳ ಬೇಕೋ ಬೇಡವೋ ಅನ್ನುವ ಚರ್ಚೆ ಇವತ್ತು ಬೇಡ. ಗೆಲುವನ್ನು ನಾವು ಹೇಗೆ ಅಳೀತೇವೆ ಅನ್ನುವುದನ್ನು ಸ್ವಲ್ಪ ನೋಡುವ.

ಪಾಣೆಮಂಗಳೂರಿನಲ್ಲಿ ನೇತ್ರಾವತಿ ದಾಟಿ ಬಂಟ್ವಾಳದ ಮೇಲಿಂದ ಮುಂದೆ ಹೋದರೆ ಸಿಗುವುದೆಲ್ಲ ಕಂಬಳದ ಊರುಗಳೇ. ಹೊಕ್ಕಾಡಿಗೋಳಿ, ಕಕ್ಯಪದವು, ವೇಣೂರು, ಮೂಡುಬಿದಿರೆ. ಕಂಬಳ ಮುಗಿದ ಮೇಲೆ ಪೇಪರಲ್ಲಿ ಫಲಿತಾಂಶ ಬರುತ್ತದಲ್ಲ, ಅದನ್ನೊಮ್ಮೆ ಗಮನ ಇಟ್ಟು ಓದಿ. ಮೊದಲು ವಿಭಾಗ: ಹಗ್ಗ ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಹೀಗೆ. ಆಮೇಲೆ ಕೋಣಗಳ ಯಜಮಾನರ ಮನೆ, ಹೆಸರು. ಒಂದೇ ಮನೆಯ ಎರಡು ಜೋಡಿ ಇದ್ದರೆ 'ಎ', 'ಬಿ' ಅಂತ ಗುರುತು. ಕೊನೆಗೆ 'ಓಡಿಸಿದವರು' ಅಂತ ಓಟಗಾರನ ಹೆಸರು. ಪ್ರಥಮ, ದ್ವಿತೀಯ, ಅಷ್ಟೇ. ಎಷ್ಟು ಸೆಕೆಂಡು ಅಂತ ಸಾಮಾನ್ಯವಾಗಿ ಇರುವುದಿಲ್ಲ.

ಇದು ಹಳೇ ಲೆಕ್ಕ. ಜೋಡುಕರೆಯಲ್ಲಿ ಎರಡು ಜೋಡಿ ಅಕ್ಕಪಕ್ಕ ಓಡುತ್ತವೆ, ಮಂಜೊಟ್ಟಿಗೆ ಮೊದಲು ಬಂದ ಜೋಡಿ ಗೆದ್ದಿತು. ಎದುರಿನ ಜೋಡಿಯನ್ನು ಸೋಲಿಸಿದರೆ ಸಾಕು, ಗಡಿಯಾರವನ್ನು ಸೋಲಿಸಬೇಕಾಗಿಲ್ಲ.

ಹಾಗಂತ ಹಿಂದಿನವರಿಗೆ ಅಳತೆ ಗೊತ್ತಿರಲಿಲ್ಲ ಅಂತಲ್ಲ. ಕನೆ ಹಲಗೆ ವಿಭಾಗವನ್ನೇ ನೋಡಿ. ಅಲ್ಲಿ ವೇಗಕ್ಕಿಂತ ನೀರು ಮುಖ್ಯ. ಹಲಗೆಯ ಮೇಲೆ ನಿಂತು ಕೋಣಗಳನ್ನು ಓಡಿಸುವಾಗ ನೀರು ಮೇಲಕ್ಕೆ ಚಿಮ್ಮಬೇಕು, ಎತ್ತರದಲ್ಲಿ ಅಡ್ಡಕ್ಕೆ ಕಟ್ಟಿದ ನಿಶಾನೆಯ ಬಟ್ಟೆಗೆ ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಅಂತ ನಿಶಾನೆಯ ಎತ್ತರ ಮೊದಲೇ ನಿಗದಿ. ಬಟ್ಟೆ ಒದ್ದೆಯಾಯಿತೋ ಇಲ್ಲವೋ, ಗದ್ದೆಯ ಬದಿಯಲ್ಲಿ ನಿಂತವರಿಗೆಲ್ಲ ಕಾಣುತ್ತದೆ. ಇದಕ್ಕಿಂತ ಚಂದದ ಅಂಕಿ-ಅಂಶ ಬೇಕಾ ಮಾರಾಯ್ರೆ?

ತೊಂದರೆ ಇದ್ದದ್ದು ಓಟದ ವಿಭಾಗಗಳಲ್ಲಿ. ಎರಡು ಜೋಡಿ ಒಟ್ಟೊಟ್ಟಿಗೆ ಬಂದಾಗ ಕಣ್ಣಳತೆಯ ತೀರ್ಪು ಎಲ್ಲರಿಗೂ ಒಪ್ಪಿಗೆಯಾಗುವುದು ಕಷ್ಟ. ಅಲ್ಲಿಗೆ ಲೇಸರ್ ಬಂತು. ಜೋಡಿ ಬೆಳಕಿನ ಗೆರೆ ದಾಟಿದ ಕ್ಷಣ ಸೆಕೆಂಡಿನ ನೂರರ ಒಂದು ಭಾಗದವರೆಗೆ ದಾಖಲು. ತೀರ್ಪಿನ ಮಟ್ಟಿಗೆ ಇದು ದೊಡ್ಡ ಉಪಕಾರ. ಆದರೆ ಲೇಸರ್ ತೀರ್ಪಿನ ಜೊತೆಗೆ ಒಂದು ಸಂಖ್ಯೆಯನ್ನೂ ಕೊಟ್ಟಿತು, ಆ ಸಂಖ್ಯೆ ಗದ್ದೆ ಬಿಟ್ಟು ಹೊರಗೆ ಓಡಿತು.

2020ರ ಫೆಬ್ರವರಿ 1. ಐಕಳ ಕಂಬಳ. ಮೂಡುಬಿದಿರೆ ಹತ್ತಿರದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಕ್ಯಾಲ್ಕುಲೇಟರ್ ಹಿಡಿದು ಭಾಗಿಸಿದರು: 100 ಮೀಟರಿಗೆ 9.55. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಆಮೇಲಿನದ್ದು ನಿಮಗೆ ಗೊತ್ತಿದೆ. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಸಾಯ್ ಟ್ರಯಲ್ಸ್‌ಗೆ ಕರೆದರು. ಕಟ್ಟಡದ ಕೆಲಸ ಮಾಡುತ್ತಿದ್ದ ಓಟಗಾರ ರಾತ್ರಿ ಬೆಳಗಾಗುವುದರೊಳಗೆ ಭಾರತದ ಬೋಲ್ಟ್ ಆದರು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರು 143 ಮೀಟರ್ ಓಡಿದ್ದು 9.51ರ ಲೆಕ್ಕಕ್ಕೆ ಬಂತು. 2021ರಲ್ಲಿ ಗೌಡರೇ 125 ಮೀಟರನ್ನು 11.21 ಸೆಕೆಂಡಿನಲ್ಲಿ ಓಡಿದಾಗ ಭಾಗಾಕಾರ 8.96 ಅಂತ ಹೇಳಿತು.

ಈಗ ಈ ಭಾಗಾಕಾರವನ್ನೇ ಬೋಲ್ಟ್‌ಗೂ ಮಾಡಿ ನೋಡುವ. 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್‌ನ ರಸ್ತೆಯಲ್ಲಿ ಹಾಕಿದ ನೇರ ಟ್ರ್ಯಾಕಿನಲ್ಲಿ ಅವರು 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದರು. ಭಾಗಿಸಿದರೆ 100 ಮೀಟರಿಗೆ 9.57 ಬರುತ್ತದೆ. ಅಂದರೆ ಬೋಲ್ಟ್ ತಮ್ಮದೇ ವಿಶ್ವದಾಖಲೆಯನ್ನು ಮುರಿದಂತಾಯಿತು, ಅದೂ ದಾಖಲೆ ಮಾಡುವ ಮೂರು ತಿಂಗಳ ಮೊದಲು! ಆ ಓಟದ ಕೊನೆಯ 100 ಮೀಟರಿಗೆ ತಗಲಿದ್ದು 8.70 ಸೆಕೆಂಡ್ ಮಾತ್ರ. ಕಾರಣ ಸರಳ. ನಿಂತಲ್ಲಿಂದ ವೇಗ ಹಿಡಿಯುವ ಮೊದಲ ಮೀಟರುಗಳೇ ನಿಧಾನ. ಓಟ ಉದ್ದವಾದಷ್ಟು ಆ ನಿಧಾನ ಹಂಚಿಹೋಗುತ್ತದೆ.

ಇನ್ನೊಂದು ವಿಷಯ. ಕಂಬಳದಲ್ಲಿ ಓಟಗಾರ ಒಬ್ಬನೇ ಓಡುವುದಲ್ಲ. ಕೈಯಲ್ಲಿ ಹಗ್ಗ ಇದೆ, ಮುಂದೆ ಎರಡು ಕೋಣ ಎಳೀತಾ ಇವೆ. ಕಾಲ ಕೆಳಗೆ ಕೆಸರು ನೀರು ಇದೆ, ಆ ಕಷ್ಟ ಬೋಲ್ಟ್‌ಗೆ ಇರಲಿಲ್ಲ. 13.62 ಅನ್ನುವುದು ಆ ಮೂವರ ಸಮಯ. ಫಲಿತಾಂಶದ ಪಟ್ಟಿಯಲ್ಲಿ ಜೋಡಿ ಮೊದಲು, ಓಡಿಸಿದವರು ಕೊನೆಗೆ ಇದ್ದದ್ದು ಸುಮ್ಮನೆ ಅಲ್ಲ. 9.55 ಅನ್ನುವ ಸಂಖ್ಯೆಯೊಳಗೆ ಕೋಣಗಳೇ ಮಾಯ.

ಇದನ್ನು ಎಲ್ಲರಿಗಿಂತ ಮೊದಲು ಸರಿಯಾಗಿ ಹೇಳಿದವರು ಗೌಡರೇ. ಬೋಲ್ಟ್ ವಿಶ್ವ ಚಾಂಪಿಯನ್, ನಾನು ಕೆಸರುಗದ್ದೆಯಲ್ಲಿ ಓಡುವವ ಅಂದರು. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳಿನ ಕೆಲಸ ಅಂತ ವಿವರಿಸಿದರು. ಟ್ರಯಲ್ಸ್‌ಗೆ ಒಪ್ಪಲಿಲ್ಲ. ಕೆಲವರು ಅದನ್ನು ಹೆದರಿಕೆ ಅಂದರು. ನನಗೆ ಅದು ಕಸುಬು ಗೊತ್ತಿದ್ದವನ ಮಾತು ಅನ್ನಿಸುತ್ತದೆ.

ಇಂಥ ಜಗಳ ನಮ್ಮದು ಮಾತ್ರ ಅಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಬ್ಯಾಟಿಂಗ್ ಸರಾಸರಿ ನೋಡಿ ಆಟಗಾರನನ್ನು ತೂಗುವ ಹಳಬರಿಗೂ, ಅವನು ಎಷ್ಟು ಸಲ ಔಟಾಗದೆ ಬೇಸ್ ತಲುಪಿದ ಅಂತ ಎಣಿಸುವ ಹೊಸಬರಿಗೂ ವರ್ಷಗಟ್ಟಲೆ ವಾದ ನಡೆಯಿತು. 2002ರಲ್ಲಿ ಕಡಿಮೆ ದುಡ್ಡಿನ ಓಕ್‌ಲ್ಯಾಂಡ್ ತಂಡ ಹೊಸ ಲೆಕ್ಕ ನಂಬಿ ಸತತ 20 ಪಂದ್ಯ ಗೆದ್ದ ಮೇಲೆ ವಾದದ ದಿಕ್ಕೇ ಬದಲಾಯಿತು. ಹೊಸ ಅಂಕಿ ಅಲ್ಲಿ ಗೆದ್ದದ್ದು ಯಾಕೆಂದರೆ ಅದು ಅದೇ ಆಟದ ಒಳಗಿನ ಪ್ರಶ್ನೆಗೆ ಉತ್ತರ ಕೊಟ್ಟಿತು. ನಮ್ಮ 9.55 ಬೇರೆ ಆಟದ ಪ್ರಶ್ನೆಗೆ ಉತ್ತರ ಕೊಡಲು ಹೋಯಿತು.

ಅದರ ಬೆಲೆ ತೆತ್ತವರು ಯಾರು? 2022ರಲ್ಲಿ ಈ ದಾಖಲೆಗಳೇ ಸುಳ್ಳು ಅಂತ ಮೂಡುಬಿದಿರೆಯಲ್ಲಿ ಪೊಲೀಸ್ ದೂರಿನವರೆಗೂ ಹೋಯಿತು. ತಾನು ಬೋಲ್ಟ್ ಅಂತ ಯಾವತ್ತೂ ಹೇಳಿಕೊಳ್ಳದ ಓಟಗಾರ ಆ ಸಂಖ್ಯೆಗೆ ಜವಾಬು ಕೊಡಬೇಕಾದ ಸ್ಥಿತಿ ಬಂತು.

ಲೇಸರ್ ಇರಲಿ, ಬೇಕು. ಒಂದೇ ಕಂಬಳದಲ್ಲಿ ಯಾರು ಮೊದಲು ಬಂದರು ಅಂತ ಹೇಳಲಿಕ್ಕೆ ಅದಕ್ಕಿಂತ ನ್ಯಾಯವಾದ ಸಾಕ್ಷಿ ಇಲ್ಲ. ಆದರೆ ಐಕಳದ ಕರೆ ಒಂದು ಉದ್ದ, ಇನ್ನೊಂದು ಊರಿನದ್ದು ಇನ್ನೊಂದು ಉದ್ದ. ಸಮಯ ಬರೆಯುವುದಾದರೆ ಅದರ ಪಕ್ಕದಲ್ಲಿ ಕರೆಯ ಉದ್ದ ಬರೆಯಿರಿ, ಜೋಡಿ ಯಾವುದು ಅಂತ ಬರೆಯಿರಿ. ಓಡಿಸಿದವರ ಹೆಸರು ಹೇಗೂ ಇರುತ್ತದೆ. ಇಷ್ಟಿದ್ದರೆ ಮುಂದಿನ ತಲೆಮಾರಿಗೆ ನಿಜವಾದ ದಾಖಲೆ ಉಳಿಯುತ್ತದೆ. ಭಾಗಾಕಾರ ಬೇಕಾದವರು ಮನೆಯಲ್ಲಿ ಕೂತು ಮಾಡಿಕೊಳ್ಳಲಿ.