ಫೆಲ್ಟ್ರಿನೆಲ್ಲಿ ವಿಲ್ಲಾ: ಕೈ ಬದಲಾದ ಮನೆಯ ಕಥೆ

ಇಟಲಿಯಲ್ಲಿ ಹಳೇ ವಿಲ್ಲಾ ಹೋಟೆಲ್ ಮಾರಾಟಕ್ಕಿದೆ ಅಂದ್ರೆ ನಾವು ಮೊದಲು ಕೇಳೋದು ರೇಟು. ಆದರೆ ಹಳೇ ಪ್ರಾಜೆಕ್ಟ್ ಕೈಗೆ ಬಂದಾಗ ಕೋಡ್ ಜತೆ ಬಗ್‌ಗಳೂ ಬರ್ತಾವಲ್ಲ, ಮನೆಯದ್ದೂ ಹಾಗೇ.

ಗಾರ್ಡಾ ಸರೋವರದ ದಂಡೆಯ ವಿಲ್ಲಾ ಫೆಲ್ಟ್ರಿನೆಲ್ಲಿಯನ್ನೇ ನೋಡಿ. ಮರದ ವ್ಯಾಪಾರದಲ್ಲಿ ಶ್ರೀಮಂತವಾದ ಫೆಲ್ಟ್ರಿನೆಲ್ಲಿ ಕುಟುಂಬ 1892ರಲ್ಲಿ ಕಟ್ಟಿಸಿದ್ದು. 1943ರಲ್ಲಿ ಜರ್ಮನ್ನರು ಮುಸೊಲಿನಿಯನ್ನು ಇಲ್ಲಿ ತಂದು ಕೂರಿಸಿದರು. ಹೆಸರಿಗೆ ಸರ್ವಾಧಿಕಾರಿ, ಕಾವಲು ಮಾತ್ರ ಜರ್ಮನ್ ಸೈನಿಕರದ್ದು. 1945ರ ಏಪ್ರಿಲ್‌ನಲ್ಲಿ ಇಲ್ಲಿಂದ ಹೊರಟವನು ಅದೇ ತಿಂಗಳು ಹತನಾದ. ಇದೇ ಮನೆತನದ ಜಾಂಜಾಕೊಮೊ ಮುಂದೆ ಎಡಪಂಥೀಯ ಪ್ರಕಾಶಕನಾಗಿ, 1957ರಲ್ಲಿ 'ಡಾಕ್ಟರ್ ಜಿವಾಗೊ' ಕಾದಂಬರಿಯನ್ನು ಮೊದಲ ಬಾರಿಗೆ ಪ್ರಕಟಿಸಿದ.

1997ರಲ್ಲಿ ಹೋಟೆಲ್ ಉದ್ಯಮಿ ಬಾಬ್ ಬರ್ನ್ಸ್ ಈ ಮನೆ ಕೊಂಡು, ದುರಸ್ತಿ ಮಾಡಿಸಿ, 2001ರಲ್ಲಿ ಹೋಟೆಲ್ ಮಾಡಿದರು.

ಇಟಲಿಯ 2004ರ ಪರಂಪರೆ ಕಾನೂನು ಬಿಗಿಯಾಗಿದೆ. ಸಂರಕ್ಷಿತ ಕಟ್ಟಡ ಮಾರಿದರೆ ಸರ್ಕಾರಕ್ಕೆ ತಿಳಿಸಲೇಬೇಕು. ತಿಳಿಸಿದ 60 ದಿನಗಳೊಳಗೆ ಅದೇ ಬೆಲೆಗೆ ಸರ್ಕಾರವೇ ಕೊಳ್ಳಬಹುದು. ಗೋಡೆ ಮುಟ್ಟೋಕೂ ಅನುಮತಿ ಬೇಕು.

ಆದರೆ ಅಲ್ಲಿ ಯಾರಿದ್ದರು ಅನ್ನೋದನ್ನ ಕೋಣೆ ಬುಕ್ ಮಾಡೋರಿಗೆ ಹೇಳಬೇಕಾ? ಹೇಳಲೇಬೇಕು ಅಂತ ನನಗನ್ನಿಸುತ್ತೆ. ಕರಾಳ ಪುಟವನ್ನ ಬಣ್ಣ ಬಳಿದು ಮುಚ್ಚಿದರೆ ಅದು ದುರಸ್ತಿ ಅಲ್ಲ. ನೀವೇನಂತೀರಾ?